ರಂಗನತಿಟ್ಟು, ಸೋಮನಾಥಪುರ, ಅರಮನೆ: ಆಟೊ ಐಎಸ್‌ಒ ಎಲ್ಲಿ ಬೇಕು, ಎಲ್ಲಿ ಬೇಡ

ಮೈಸೂರಿನಲ್ಲಿ ಉಳಿದುಕೊಂಡು ಕ್ಯಾಮೆರಾ ಹಿಡಿದು ಸುತ್ತುವ ಆಸೆಯಿದ್ದರೆ ಭಾನುವಾರವನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ರಂಗನತಿಟ್ಟು ಪಕ್ಷಿಧಾಮ, ಮಧ್ಯಾಹ್ನ ಸೋಮನಾಥಪುರ, ಸಂಜೆ ಏಳಕ್ಕೆ ಭಾನುವಾರ ಹಚ್ಚುವ ಅರಮನೆಯ ದೀಪ. ನಾನೂ ತಂಗಿಯೂ ಹೀಗೆಯೇ ಹೋಗಿಬಂದೆವು. ಮೂರು ಕಡೆಯೂ ಬೆಳಕಿನ ಸ್ವಭಾವ ಬೇರೆ ಬೇರೆ.

ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ; ಆಟೊ ಇಟ್ಟರೆ ಅದನ್ನು ಕ್ಯಾಮೆರಾವೇ ಏರಿಸಿ ಇಳಿಸುತ್ತದೆ. ರಂಗನತಿಟ್ಟಿನಲ್ಲಿ ದೋಣಿ ಹತ್ತುವ ಮೊದಲೇ ಆಟೊ ಐಎಸ್‌ಒ ಹಾಕಿಡಿ. ಮರದ ನೆರಳಲ್ಲಿ ಗೂಡಿನ ಮೇಲೆ ಕೂತ ಬಣ್ಣದ ಕೊಕ್ಕರೆ ಎದ್ದು ಬಿಸಿಲಿಗೆ ಬರಲು ಎರಡು ಸೆಕೆಂಡೂ ಬೇಡ. ಅಷ್ಟರಲ್ಲಿ ಐಎಸ್‌ಒವನ್ನು 3200ರಿಂದ 400ಕ್ಕೆ ಇಳಿಸಲು ಯಾರ ಬೆರಳಿಗೂ ಆಗದು. ನಾನು ಇಟ್ಟುಕೊಂಡದ್ದು ಮ್ಯಾನ್ಯುಯಲ್ ಮೋಡ್, ಶಟರ್ (ಬೆಳಕು ಒಳಬಿಡುವ ಹೊತ್ತು) ಸೆಕೆಂಡಿನ 1/2000, ಅಪರ್ಚರ್ (ಲೆನ್ಸಿನ ಕಂಡಿ) ಎಫ್ 6.3, ಆಟೊ ಐಎಸ್‌ಒ ಮಿತಿ 6400. ಐಎಸ್‌ಒ ಏರಿದರೆ ಗ್ರೇನ್, ಅಂದರೆ ಚಿತ್ರದಲ್ಲಿ ಕಾಳುಕಾಳು, ಬರುತ್ತದೆಂದು ಹೆದರಿ ಮಿತಿಯನ್ನು 800ಕ್ಕೆ ಕಟ್ಟಿಹಾಕಬೇಡಿ, ನೆರಳಿನ ಚಿತ್ರಗಳೆಲ್ಲ ಕಪ್ಪಾಗುತ್ತವೆ. ಗ್ರೇನ್ ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ರೆಕ್ಕೆಯನ್ನು ಸರಿಪಡಿಸಲಾಗದು. ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ ಸಿಕ್ಕರೆ ಶಟರ್ 1/500ಕ್ಕೆ ತನ್ನಿ, ಐಎಸ್‌ಒ ತಾನೇ ಇಳಿಯುತ್ತದೆ.

ಆದರೆ ಕ್ಯಾಮೆರಾಕ್ಕೆ ಹಕ್ಕಿಯ ಬಣ್ಣ ಗೊತ್ತಿಲ್ಲ. ಕಡುಹಸಿರಿನ ಮುಂದೆ ಬಿಳಿ ಬೆಳ್ಳಕ್ಕಿ ಕೂತರೆ, ಹಿನ್ನೆಲೆ ಕಪ್ಪಗಿದೆಯೆಂದು ಅದು ಐಎಸ್‌ಒ ಏರಿಸಿಬಿಡುತ್ತದೆ. ಗರಿಗಳ ಗೆರೆಯೆಲ್ಲ ಬಿಳುಚಿ ಸುಣ್ಣ ಬಳಿದಂತಾಗುತ್ತದೆ. ಅಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಆರಿಸಿದ್ದಕ್ಕಿಂತ ಚಿತ್ರವನ್ನು ಕಪ್ಪಗೆ ಅಥವಾ ಬೆಳ್ಳಗೆ ಮಾಡುವ ಗುಂಡಿ) −1 ಕೊಡಿ, ಆಕಾಶದೆದುರು ಹಾರುವ ಹಕ್ಕಿಗೆ +1. ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಮ್ಯಾನ್ಯುಯಲ್ ಮೋಡಿನಲ್ಲಿ ಇದು ಕೆಲಸ ಮಾಡುವುದಿಲ್ಲ, ಅಂಥವರು ಶಟರ್ ಮಾತ್ರ ನಾವು ಆರಿಸುವ ಶಟರ್ ಪ್ರಯಾರಿಟಿ ಮೋಡ್ ಬಳಸಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಯೇ ಹೊರಡಿ. ಕೈಗೆಟಕುವಂತಿದ್ದರೆ ಪ್ರತ್ಯೇಕ ದೋಣಿ ಮಾಡಿಕೊಳ್ಳಿ, ಹಕ್ಕಿ ಕಂಡಲ್ಲಿ ನಿಲ್ಲಿಸಿಕೊಳ್ಳಬಹುದು.

ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಹೊರಗೋಡೆಯ ಶಿಲ್ಪಗಳಿಗೆ ಆಟೊ ಇದ್ದರೂ ನಡೆಯುತ್ತದೆ. ನವರಂಗದೊಳಗೆ, ಅಂದರೆ ಗುಡಿಯ ಒಳಮಂಟಪದೊಳಗೆ, ಕಾಲಿಟ್ಟ ಕೂಡಲೇ ಆಟೊ ಐಎಸ್‌ಒ ತೆಗೆದುಬಿಡಿ. ಅಲ್ಲಿ ಬೆಳಕು ಕಡಿಮೆ, ಆದರೆ ಬೇಗ ಬದಲಾಗುವುದಿಲ್ಲ, ಕಲ್ಲೂ ಓಡಿಹೋಗುವುದಿಲ್ಲ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನಾನು ಕ್ಯಾಮೆರಾವನ್ನು ನೆಲದ ಮೇಲೆ ಲೆನ್ಸ್ ಮೇಲ್ಮುಖವಾಗಿಟ್ಟು, ಐಎಸ್‌ಒ 200, ಎರಡು ಸೆಕೆಂಡಿನ ಟೈಮರ್, ಅರ್ಧ ಸೆಕೆಂಡಿನ ಶಟರ್ ಇಟ್ಟುಕೊಂಡೆ. ಛಾವಣಿಯ ಬಾಳೆಮೊಗ್ಗಿನ ಎಸಳೆಸಳೂ ಬಿಡಿಯಾಗಿ ಬಂತು. ಆಟೊದಲ್ಲೇ ಬಿಟ್ಟಿದ್ದರೆ ಅದೇ ಚಿತ್ರ ಸುಮ್ಮನೆ ಸಾವಿರಗಟ್ಟಲೆ ಐಎಸ್‌ಒಗೆ ಏರಿ, ಕಲ್ಲಿನ ನಯವೇ ಹೋಗುತ್ತಿತ್ತು. ಜನ ಸರಿಯುವವರೆಗೆ ಕಾಯಿರಿ, ಯಾರ ಕಾಲಿಗೂ ಅಡ್ಡವಾಗಬೇಡಿ.

ಅಲ್ಲಿಂದ ಐದು ಗಂಟೆಗೆಲ್ಲ ಹೊರಟುಬಿಡಿ. ಅರಮನೆಯ ದೀಪ ಬಹಳ ಹೊತ್ತು ಇರುವುದಿಲ್ಲ, ಬಂದಮೇಲೆ ಸೆಟ್ಟಿಂಗ್ ಹುಡುಕುತ್ತ ಕೂರಲಾಗದು. ಇಲ್ಲೂ ಆಟೊ ಬೇಡ: ಕಪ್ಪು ಆಕಾಶ ನೋಡಿ ಆಟೊ ಐಎಸ್‌ಒ ಏರುತ್ತದೆ, ಸಾವಿರಾರು ಬಲ್ಬುಗಳು ಕಲೆಸಿ ಒಂದೇ ಹಳದಿ ಮುದ್ದೆಯಾಗುತ್ತವೆ. ಕೈಯಲ್ಲೇ ಹಿಡಿದು ತೆಗೆಯುವವರು ಐಎಸ್‌ಒ 800, ಎಫ್ 4, ಶಟರ್ 1/60ರಿಂದ ಶುರುಮಾಡಿ, ಸ್ಕ್ರೀನಿನಲ್ಲಿ ಹಿಗ್ಗಿಸಿ ಬಲ್ಬುಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ ನೋಡಿ, ಕಾಣದಿದ್ದರೆ ಶಟರ್ ವೇಗವನ್ನು ಒಂದು ಮೆಟ್ಟಿಲು ಹೆಚ್ಚಿಸಿ, ಅಂದರೆ 1/125 ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಏಳು ಗಂಟೆಗೆ ಆಕಾಶದಲ್ಲಿ ಇನ್ನೂ ತುಸು ನೀಲಿ ಉಳಿದಿರುತ್ತದೆ, ಮೊದಲ ಹತ್ತು ನಿಮಿಷವನ್ನು ಅದಕ್ಕೇ ಮೀಸಲಿಡಿ.