ಎರೆಮಣ್ಣಿನ ಬಿರುಕು, ಭೂಮಿಯ ನಡುಕ

2022ರ ಜುಲೈ 9ರ ಬೆಳಿಗ್ಗೆ ವಿಜಯಪುರ ಜಿಲ್ಲೆಯಲ್ಲಿ ಭೂಮಿ ನಡುಗಿದಾಗ ನಾನು ಡೋಣಿ ನದಿಯ ಸೀಮೆಯ ನಮ್ಮ ಹಳೆಯ ಮನೆಯಲ್ಲಿದ್ದೆ. ಪ್ರತಿ ಬೇಸಿಗೆಯಲ್ಲಿ ಬಾಯಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಪಡಸಾಲೆಯ ಗೋಡೆಯ ಬಿರುಕಿನಿಂದ ಬೊಗಸೆಯಷ್ಟು ಮಣ್ಣು ಉದುರಿತು. ಅದೇ ಊರಿನ ಮಡ್ಡಿಯ, ಅಂದರೆ ಎತ್ತರದ ಕಲ್ಲುನೆಲದ, ಮೇಲಿರುವ ಸೋದರತ್ತೆಯ ಮನೆಯಲ್ಲಿ ಎಚ್ಚರವಿದ್ದವರಿಗೂ ಏನೂ ಗೊತ್ತಾಗಿರಲಿಲ್ಲ. ಎರಡು ಮನೆಗಳ ಅನುಭವದಿಂದ ಯಾವ ತೀರ್ಮಾನಕ್ಕೂ ಬರಲಾಗದು. ಆದರೂ ಈ ವ್ಯತ್ಯಾಸ ನನ್ನನ್ನು ಕಾಡಿತು.

ಮಡ್ಡಿಯಲ್ಲಿ ಒಂದೆರಡು ಅಡಿ ಅಗೆದರೆ ಕಪ್ಪು ಬಸಾಲ್ಟ್ ಶಿಲೆ ಸಿಗುತ್ತದೆ. ನದಿಯ ದಂಡೆಯಲ್ಲಿ ಎರೆಮಣ್ಣು ಆಳಕ್ಕಿಳಿದಿದೆ. ಗಟ್ಟಿ ಶಿಲೆಯಲ್ಲಿ ವೇಗವಾಗಿ ಬಂದ ಭೂಕಂಪದ ಅಲೆ ಮೆತ್ತನೆಯ ಮಣ್ಣಿಗೆ ಹೊಕ್ಕಾಗ ನಿಧಾನವಾಗುತ್ತದೆ, ನಿಧಾನವಾದಂತೆ ಅದರ ತೂಗಾಟ ಹೆಚ್ಚುತ್ತದೆ. ಇದಲ್ಲದೆ ಪ್ರತಿ ಮಣ್ಣಿನ ಪದರಕ್ಕೂ ತನ್ನದೇ ತೂಗುವ ಲಯವಿದೆ. ಮಣ್ಣು 6 ಮೀಟರ್ ದಪ್ಪವಿದ್ದು, ಅದರಲ್ಲಿ ನೆಲವನ್ನು ಅಡ್ಡಡ್ಡ ಅಲುಗಿಸುವ ಅಲೆ ಸೆಕೆಂಡಿಗೆ 150 ಮೀಟರ್ ಸಾಗುತ್ತದೆಂದು ಇಟ್ಟುಕೊಂಡರೆ, ದಪ್ಪದ ನಾಲ್ಕರಷ್ಟನ್ನು ವೇಗದಿಂದ ಭಾಗಿಸಿದಾಗ ಬರುವ ಅವಧಿ 0.16 ಸೆಕೆಂಡು; ಒಂದೆರಡು ಅಂತಸ್ತಿನ ಮನೆಗಳು ತೂಗುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಲಯ ಕೂಡಿದರೆ ಮನೆಯ ತೂಗಾಟ ಹೆಚ್ಚುತ್ತಲೇ ಹೋಗುತ್ತದೆ. 1985ರ ಭೂಕಂಪದಲ್ಲಿ ಮೆಕ್ಸಿಕೋ ನಗರದ ಹಳೆಯ ಕೆರೆಯಂಗಳದ ದಪ್ಪ ಜೇಡಿಮಣ್ಣು ಸುಮಾರು 2 ಸೆಕೆಂಡಿಗೊಮ್ಮೆ ತೂಗಿದ್ದರಿಂದ, ಭೂಕಂಪದ ಕೇಂದ್ರ 350 ಕಿಲೋಮೀಟರಿಗೂ ದೂರವಿದ್ದರೂ ಹತ್ತು ಹದಿನೈದು ಅಂತಸ್ತಿನ ಕಟ್ಟಡಗಳು ಕುಸಿದವು. ತೆಳುವಾದ ಪದರ ಕಾಡುವುದು ಗಿಡ್ಡ ಮನೆಗಳನ್ನು, ಅಂದರೆ ನಮ್ಮಂಥವರ ಮನೆಗಳನ್ನು.

ಆದರೆ ಮಣ್ಣೊಂದನ್ನೇ ದೂರುವುದು ಸರಿಯಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಡುಗಿದ ಮಹಾರಾಷ್ಟ್ರದ ಕಿಲ್ಲಾರಿ ನಮ್ಮಿಂದ ನೇರ ಅಳತೆಯಲ್ಲಿ ಸುಮಾರು 160 ಕಿಲೋಮೀಟರ್ ದೂರದಲ್ಲಿದೆ. 6.2 ತೀವ್ರತೆಯ ಆ ಭೂಕಂಪಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. ಅಲ್ಲಿಯ ಮನೆಗಳು ಮಣ್ಣಿನ ಚಾವಣಿಯ ನಮ್ಮ ಮೇಲ್ಮುದ್ದಿ ಮನೆಗಳ ಒಡಹುಟ್ಟುಗಳೇ. ಎರಡು ಅಡಿಗೂ ದಪ್ಪವಾದ ಗೋಡೆಯಲ್ಲಿ ಹೊರಮೈಗೊಂದು, ಒಳಮೈಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಕೆಸರು. ಎರಡೂ ಮೈಗಳನ್ನು ಹಿಡಿದಿಡುವ ಉದ್ದನೆಯ ಕಲ್ಲು ಮಾತ್ರ ಇರಲಿಲ್ಲ. ಅಲುಗಾಡಿದಾಗ ಆ ಸಾಲುಗಳು ಬೇರ್ಪಟ್ಟು ಉರುಳಿದವು. ಎಷ್ಟೋ ಕಡೆ ಒಳಗಿನ ಮರದ ಕಂಬ ಮತ್ತು ತೊಲೆಗಳು ನಿಂತೇ ಇದ್ದವು. ಇನ್ನು ಚಾವಣಿಯ ಭಾರ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಅದರ ತೂಕ ಸುಮಾರು 7 ಟನ್. ಅದರ ಅಡಿಯಲ್ಲೇ ನಾವು ತೊಟ್ಟಿಲು ಕಟ್ಟಿರುತ್ತೇವೆ.

ನಮ್ಮ ಸೀಮೆಯಲ್ಲಿ ಮಣ್ಣು ಮತ್ತು ಕಟ್ಟಡವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಲಾಗದು ಎನ್ನುವುದು ನನ್ನ ಅನಿಸಿಕೆ. ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಎರೆಮಣ್ಣು ಭೂಕಂಪಕ್ಕೆ ಬಹಳ ಮೊದಲೇ ಗೋಡೆಯನ್ನು ಸೀಳಿಟ್ಟಿರುತ್ತದೆ. ನಡುಕ ಬಂದಾಗ ಗೋಡೆ ಒಂದಾಗಿ ನಿಲ್ಲದೆ ತುಂಡುತುಂಡಾಗಿ ಅಲುಗುತ್ತದೆ. ಸಿಮೆಂಟಿನ ಮನೆ ಕಟ್ಟಿದರೆ ಪಾರಾದೆವೆಂದು ಹಲವರು ನಂಬಿದ್ದಾರೆ. ಡೋಣಿಯ ಉಪ್ಪುನೀರಿನಲ್ಲಿ ಕಲಸಿದ ಕಾಂಕ್ರೀಟಿನೊಳಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಮೇಲಿನ ಬಣ್ಣ ಅದನ್ನು ಮುಚ್ಚಿಡುತ್ತದೆ.

ಈ ಬೇಸಿಗೆಯಲ್ಲಿ ನಾವು ಮಾಳಿಗೆಯ ಹಳೆಯ ಮಣ್ಣನ್ನು ಇಳಿಸಿದೆವು. ಹದಿನಾಲ್ಕು ಟ್ರ್ಯಾಕ್ಟರ್ ಮಣ್ಣು ಹೊರಬಿತ್ತು. ಗೋಡೆಗಳನ್ನು ಒಟ್ಟಿಗೆ ಹಿಡಿದಿಡಲು ಬಾಗಿಲುಗಳ ನೆತ್ತಿಯ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸುತ್ತಿದ್ದೇವೆ, ಅದಕ್ಕೆ ಸಿಹಿನೀರಿನ ಟ್ಯಾಂಕರ್ ತರಿಸುತ್ತಿದ್ದೇವೆ. ಹಿತ್ತಿಲಲ್ಲಿ ಕಟ್ಟುವ ಹೊಸ ಕೋಣೆಯ ಪಾಯ ನಾಲ್ಕು ಅಡಿ ಸಾಕೆಂದು ಮನೆಯವರೆಲ್ಲ ಹೇಳಿದರೂ ನಾನು ಒಪ್ಪಲಿಲ್ಲ; ಎರೆಮಣ್ಣು ದಾಟಿ ಗರಸು, ಅಂದರೆ ಕೆಳಗಿನ ಗಟ್ಟಿ ನೆಲ, ಸಿಗುವವರೆಗೆ ಅಗೆಸಿದೆ. ಒಂಬತ್ತನೆಯ ಅಡಿಗೆ ಹಾರೆ ಠಣ್ ಎಂದಿತು. "ಗರಸು ಹತ್ತಿತ್ರೀ" ಎಂದು ಗೌಂಡಿ ಕೆಳಗಿನಿಂದ ಕೂಗಿದ.