ಯಾವ ಅರ್ಜಿ, ಯಾರ ಬಾಗಿಲಿಗೆ? ಜನಪ್ರತಿನಿಧಿಗಳ ಮುಂದೆ ಟೆಕ್ ವಿಷಯ ಇಟ್ಟ ಅನುಭವ

ಶಾಸಕರನ್ನೋ ಸಂಸದರನ್ನೋ ನೋಡಲು ಹೊರಡುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ನೀವು ಕೇಳುವುದನ್ನು ಮಾಡಿಕೊಡುವ ಅಧಿಕಾರ ಅವರಿಗೆ ಇದೆಯಾ? ಇದ್ದರೆ ಯಾವ ಸಭೆಯಲ್ಲಿ, ಯಾವ ಕಾಗದದ ಮೂಲಕ? ಇದು ಗೊತ್ತಿಲ್ಲದೆ ಹೋದರೆ ಶಾಲು, ಹಾರ, ಫೋಟೊ, ಕಾಫಿ ಎಲ್ಲ ಆಗುತ್ತದೆ. ಕೆಲಸ ಮಾತ್ರ ಆಗುವುದಿಲ್ಲ.

ನಾನು ಚಿಕ್ಕಮಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕಾಫಿ ತೋಟಗಳಿಗೆ ಬೇಕಾದ ಆ್ಯಪ್ ನಮ್ಮದು. ಕಾರ್ಮಿಕರ ಹಾಜರಿ, ವಾರದ ಬಟವಾಡೆ, ಕುಯ್ಲಿನ ಲೆಕ್ಕ, ತೋಟದ ನಕ್ಷೆ. ತೋಟದ ರೈಟರ್ ಚೆಕ್‌ರೋಲ್ ಪುಸ್ತಕದಲ್ಲಿ ಬರೆಯುತ್ತಿದ್ದುದನ್ನೇ ಈಗ ಫೋನಿನಲ್ಲಿ ಬರೆಯುತ್ತಾರೆ. ನಮ್ಮ ಹಾಗೇ ಸಣ್ಣ ಮಟ್ಟದಲ್ಲಿ ಕೆಲಸ ಮಾಡುವವರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಡ್ರೋನ್‌ನಲ್ಲಿ ಔಷಧಿ ಹೊಡೆಯುವವರು, ಹೋಂಸ್ಟೇ ಬುಕಿಂಗ್ ಸಾಫ್ಟ್‌ವೇರ್ ಮಾಡುವವರು, ಶಾಲೆಗಳಿಗೆ ಆ್ಯಪ್ ಮಾಡಿಕೊಡುವವರು. ನಾವೆಲ್ಲ ಸೇರಿ ಜನಪ್ರತಿನಿಧಿಗಳನ್ನು ಭೇಟಿ ಮಾಡಲು ಶುರು ಮಾಡಿದೆವು.

ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಇದಕ್ಕೇ ಅಂತ ಜನ ಇರುತ್ತಾರೆ. ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ 1988ರಿಂದ ಇದೆ. ಹೊಸ ಕಾನೂನಿನ ಕರಡು ಬಂತು ಅಂದರೆ ಅಲ್ಲಿ ವಕೀಲರು ಕೂತು ಓದಿ ಉತ್ತರ ಬರೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕಳಸದ ಕಡೆ ಮೂರು ಎಕರೆ ಕಾಫಿ ಇಟ್ಟುಕೊಂಡವರ ಕಷ್ಟವನ್ನು ಅಲ್ಲಿ ಕೂತವರು ಬರೆಯಬೇಕು ಅಂದರೆ ಹೇಗೆ? ಅದನ್ನು ಹೇಳಬೇಕಾದವರು ನಾವೇ.

"ಹೇಳಿದರೆ ಯಾರು ಕೇಳ್ತಾರೆ ಮಾರಾಯ್ರೆ" ಅನ್ನುವವರು ನಮ್ಮಲ್ಲೂ ಇದ್ದರು. ಕೇಳಿದ ಉದಾಹರಣೆಗಳು ಇವೆ. 2015ರಲ್ಲಿ ಇಂಟರ್‌ನೆಟ್ ಸಮಾನತೆ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. 2016ರ ಫೆಬ್ರವರಿ 8ರಂದು, ಒಂದೊಂದು ವೆಬ್‌ಸೈಟಿಗೆ ಒಂದೊಂದು ಡೇಟಾ ದರ ಹಾಕುವುದನ್ನು ಟ್ರಾಯ್ ನಿಷೇಧಿಸಿತು. ಡ್ರೋನ್ ವಿಷಯ ನಮಗೆ ಇನ್ನೂ ಹತ್ತಿರದ್ದು. 2021ರ ಮಾರ್ಚ್‌ನಲ್ಲಿ ಬಂದ ನಿಯಮಗಳಲ್ಲಿ 25 ಫಾರಂ, 72 ಬಗೆಯ ಶುಲ್ಕ ಇದ್ದವು. ಸ್ಟಾರ್ಟಪ್‌ನವರು, ಕಾಲೇಜಿನವರು, ಬಳಸುವವರು ಎಲ್ಲರೂ ಆಕ್ಷೇಪ ಎತ್ತಿದರು. ಅದೇ ವರ್ಷ ಆಗಸ್ಟ್ 25ಕ್ಕೆ ಹೊಸ ಡ್ರೋನ್ ನಿಯಮ ಬಂತು. 25 ಫಾರಂ 5ಕ್ಕೆ ಇಳಿಯಿತು, 72 ಬಗೆಯ ಶುಲ್ಕ 4ಕ್ಕೆ. ಇವತ್ತು ನಮ್ಮ ಗುಂಪಿನ ಗೆಳೆಯ ಡ್ರೋನ್ ಹಾರಿಸಿ ಜೀವನ ಮಾಡುತ್ತಿದ್ದಾನೆ ಅಂದರೆ ಆಗ ಯಾರೋ ಹೋಗಿ ಮಾತಾಡಿದ್ದಕ್ಕೆ.

ನಮ್ಮ ಮೊದಲ ವಿಷಯ ನೆಟ್‌ವರ್ಕ್. ಮಲೆನಾಡಿನಲ್ಲಿ ಬೇರೆ ಯಾವುದು ಇರಲು ಸಾಧ್ಯ, ಅಲ್ವಾ? ದೂರಸಂಪರ್ಕ ಅನ್ನುವುದು ಕೇಂದ್ರ ಸರ್ಕಾರದ ವಿಷಯ. ಶಾಸಕರು ಟವರ್ ಮಂಜೂರು ಮಾಡಲಾರರು. ಆದರೆ ಟವರ್ ಅಂದರೆ ಬರೀ ದಿಲ್ಲಿಯ ಮಂಜೂರಾತಿ ಅಲ್ಲ. ಜಾಗ ಬೇಕು, ಅದು ಕಂದಾಯದವರದ್ದೋ ಅರಣ್ಯದವರದ್ದೋ ಆಗಿರುತ್ತದೆ. ಕರೆಂಟ್ ಬೇಕು, ಅದು ಮೆಸ್ಕಾಂ ಕೊಡಬೇಕು. ಈ ಇಲಾಖೆಗಳ ತಾಲ್ಲೂಕು ಅಧಿಕಾರಿಗಳನ್ನು ಶಾಸಕರು ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಎದುರಿಗೆ ಕೂರಿಸಿಕೊಂಡು ಕೇಳಬಹುದು. ಸಂಸದರಿಗೆ ಬೇರೆ ದಾರಿ ಇದೆ. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಜಿಲ್ಲೆಯ ದಿಶಾ ಸಭೆಗೆ ಅವರೇ ಅಧ್ಯಕ್ಷರು. ಬಿಎಸ್‌ಎನ್‌ಎಲ್ ವಿಷಯ ಅಲ್ಲಿ ಕೇಳಬಹುದು. 2022ರ ಜುಲೈನಲ್ಲಿ ಕೇಂದ್ರ ಸಂಪುಟ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿ, ಬಿಎಸ್‌ಎನ್‌ಎಲ್‌ಗೆ ಒಪ್ಪಿಸಿತು. ಅದರಲ್ಲಿ ನಮ್ಮ ಊರು ಇದೆಯಾ, ಇದ್ದರೆ ಎಲ್ಲಿ ನಿಂತಿದೆ ಅಂತ ಕೇಳುವ ಜಾಗ ಅದು.

ಶಾಸಕರ ಮನೆ ಮುಂದೆ ಬೆಳಿಗ್ಗೆ ಹೊತ್ತು ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಆನೆ ತೋಟಕ್ಕೆ ನುಗ್ಗಿದವರು, ವರ್ಗಾವಣೆ ಕೇಳುವವರು, ಮದುವೆ ಕಾಗದ ಕೊಡಲು ಬಂದವರು. ಅವರ ನಡುವೆ ನಾವು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆವು. ನಮ್ಮ ಕೈಯಲ್ಲಿ ನೆಟ್‌ವರ್ಕ್ ಇಲ್ಲದ ಊರುಗಳ ಪಟ್ಟಿ ಇತ್ತು. ಶಾಸಕರ ಪಿಎ ಅದನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಪೂರ್ತಿ ಓದಿದರು. ಆಮೇಲೆ ಜೇಬಿನಿಂದ ಪೆನ್ ತೆಗೆದು ಬಲಗಡೆ ಉದ್ದಕ್ಕೆ ಒಂದು ಗೆರೆ ಎಳೆದು, ಮೇಲೆ "ಯಾರ ಹತ್ರ ಬಾಕಿ" ಅಂತ ಬರೆದರು.

"ಮೇಡಂ, ನೆಟ್‌ವರ್ಕ್ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಟವರ್ ನಿಂತು ಕರೆಂಟಿಗೆ ಕಾಯ್ತಿದೆಯಾ, ಅರಣ್ಯದವರ ಅನುಮತಿಗೆ ಕಾಯ್ತಿದೆಯಾ, ಇನ್ನೂ ಪಾಯನೇ ತೆಗೆದಿಲ್ವಾ, ಅದನ್ನ ಈ ಕಾಲಂನಲ್ಲಿ ತುಂಬಿಸಿ ಕೊಡಿ. ಸಾಹೇಬ್ರು ಸಭೆಯಲ್ಲಿ ಆ ಇಲಾಖೆಯವರನ್ನೇ ಎಬ್ಬಿಸಿ ಕೇಳ್ತಾರೆ" ಅಂದರು.

ಆ ಒಂದು ಕಾಲಂ ನನಗೆ ಕಲಿಸಿದಷ್ಟು ಯಾವ ತರಬೇತಿಯೂ ಕಲಿಸಿಲ್ಲ. ಪಿಎಗಳನ್ನು ಬರೀ ಬಾಗಿಲು ಕಾಯುವವರು ಅಂದುಕೊಳ್ಳಬೇಡಿ. ಯಾವ ಕಡತ ಎಲ್ಲಿ ನಿಲ್ಲುತ್ತದೆ ಅಂತ ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಎರಡನೆಯ ವಿಷಯ ಡೇಟಾ. ನನಗೆ ಮನಸ್ಸಿಗೆ ಹತ್ತಿರವಾದದ್ದು ಇದೇ. ಯುರೋಪಿಗೆ ಕಾಫಿ ಕಳಿಸಬೇಕಾದರೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋರಿಸಬೇಕು ಎಂಬ ಕಾನೂನನ್ನು ಅಲ್ಲಿಯವರು ಮಾಡಿದ್ದಾರೆ. ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ, ಆದರೆ ಕಾನೂನು ಹೋಗಿಲ್ಲ. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆಗಿಂತ ಜಾಸ್ತಿ ಇರುವ ತೋಟಕ್ಕೆ ಪೂರ್ತಿ ಗಡಿರೇಖೆ ಕೊಡಬೇಕು. ಅದಕ್ಕಿಂತ ಸಣ್ಣದಕ್ಕೆ ಒಂದು ಬಿಂದು ಸಾಕು. ಹಾಗಾಗಿ ನಮ್ಮ ಹುಡುಗರು ತೋಟ ತೋಟ ಸುತ್ತಿ ನಕ್ಷೆ ಮಾಡುತ್ತಿದ್ದಾರೆ. ಒಂದೊಂದು ನಕ್ಷೆಯ ಜೊತೆ ಬೆಳೆಗಾರರ ಹೆಸರು, ಮೊಬೈಲ್ ನಂಬರ್, ಸರ್ವೆ ನಂಬರ್ ಇರುತ್ತದೆ. ಅದು ವ್ಯಾಪಾರಿಯ ಕೈಗೆ, ಅಲ್ಲಿಂದ ರಫ್ತುದಾರರಿಗೆ, ಅಲ್ಲಿಂದ ಸಮುದ್ರದಾಚೆಗೆ ಹೋಗುತ್ತದೆ. ಪಹಣಿಯಲ್ಲಿ ಹಿಸ್ಸಾ ತಕರಾರು ಇರುವ ಜಮೀನು ಎಷ್ಟಿಲ್ಲ ನಮ್ಮಲ್ಲಿ? ಅಂಥವರ ತೋಟದ ಗಡಿ ಯಾರ್ಯಾರ ಫೋನಿನಲ್ಲೋ ಕೂತಿದ್ದರೆ ಅವರಿಗೆ ಭಯ ಆಗುವುದು ಸಹಜ.

ಇಲ್ಲಿ ಬರುತ್ತದೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ. ಇದರ ಬೇರು ನಮ್ಮ ರಾಜ್ಯಕ್ಕೂ ತಾಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ತೀರ್ಪು ಕೊಟ್ಟರಲ್ಲ, ಆ ಪ್ರಕರಣದ ಅರ್ಜಿದಾರರು ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಕಾಯ್ದೆಯ ನಿಯಮಗಳ ಕರಡು 2025ರ ಜನವರಿ 3ಕ್ಕೆ ಬಂತು, ಅಂತಿಮ ನಿಯಮ ಅದೇ ವರ್ಷ ನವೆಂಬರ್‌ನಲ್ಲಿ. ನಮ್ಮಂಥವರ ಮೇಲಿನ ಹೆಚ್ಚಿನ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಡೇಟಾ ಸೋರದಂತೆ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆ ಮೊತ್ತ ಕೇಳಿಯೇ ನಮ್ಮ ಗುಂಪಿನವರು ಗಾಬರಿಯಾದರು.

ಸಂಸದರಿಗೆ ಏನು ಕೇಳಬೇಕು ಅಂತ ನಮ್ಮಲ್ಲೇ ಜೋರು ಚರ್ಚೆ ಆಯಿತು. ಕಾಯ್ದೆಯ 17(3)ನೇ ಸೆಕ್ಷನ್ ಪ್ರಕಾರ ಸ್ಟಾರ್ಟಪ್ ಸೇರಿದಂತೆ ಕೆಲವು ವರ್ಗದವರಿಗೆ ಸರ್ಕಾರ ವಿನಾಯಿತಿ ಕೊಡಬಹುದು. ಯಾವ ಡೇಟಾ, ಯಾಕೆ ತೆಗೆದುಕೊಳ್ಳುತ್ತೇವೆ ಅಂತ ಜನರಿಗೆ ನೋಟಿಸ್ ಕೊಡುವ ಹೊಣೆಯಿಂದಲೂ ವಿನಾಯಿತಿ ಸಿಗಬಹುದು. "ಅದನ್ನೇ ಕೇಳೋಣ, ತಲೆನೋವು ಹೋಗುತ್ತೆ" ಅಂತ ಕೆಲವರು. ನಾನು ಒಪ್ಪಲಿಲ್ಲ. ತೋಟದ ನಕ್ಷೆ ತೆಗೆದುಕೊಂಡು ಹೋಗುವವನು ಅದು ಎಲ್ಲಿಗೆ ಹೋಗುತ್ತದೆ ಅಂತ ಬೆಳೆಗಾರನಿಗೆ ಹೇಳಲೇಬೇಕು. ಕಂಪನಿ ಸಣ್ಣದು ಅನ್ನುವುದು ಹೇಳದಿರಲು ಕಾರಣ ಅಲ್ಲ. ನಮ್ಮ ನಿಜವಾದ ಕಷ್ಟ ಹೇಳುವುದಲ್ಲ, ಕಾನೂನಿಗೆ ಸರಿಹೋಗುವಂತೆ ಬರೆಯುವುದು. ನೋಟಿಸನ್ನು ಇಂಗ್ಲಿಷಿನಲ್ಲೋ ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಒಂದರಲ್ಲೋ ಓದುವ ಆಯ್ಕೆ ಜನರಿಗೆ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಪ್ರತಿ ಸಣ್ಣ ಕಂಪನಿಯೂ ಬೆಂಗಳೂರಿನ ವಕೀಲರಿಗೆ ದುಡ್ಡು ಕೊಟ್ಟು ಬೇರೆ ಬೇರೆ ಕನ್ನಡ ನೋಟಿಸ್ ಬರೆಸುವ ಬದಲು, ಸರ್ಕಾರವೇ ಒಂದು ಮಾದರಿ ನೋಟಿಸನ್ನು ಎಲ್ಲ ಭಾಷೆಗಳಲ್ಲೂ ಪ್ರಕಟಿಸಲಿ. ಸಂಜೆಯವರೆಗೆ ಮಾತಾಡಿ ಕೊನೆಗೆ ಇದನ್ನೇ ಒಪ್ಪಿಕೊಂಡೆವು.

ಇಲ್ಲೊಂದು ಮಾತು. ಕಡೂರಿನ ಗೆಳೆಯ ನಮ್ಮ ಜೊತೆ ಇದ್ದ. ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಹಾಸನ ಕ್ಷೇತ್ರಕ್ಕೆ ಸೇರುತ್ತದೆ. ಉಳಿದ ನಾಲ್ಕು ವಿಧಾನಸಭಾ ಕ್ಷೇತ್ರ ಉಡುಪಿ-ಚಿಕ್ಕಮಗಳೂರಿಗೆ. ಒಂದೇ ಜಿಲ್ಲೆಯವರಾದರೂ ನಮಗೆ ಇಬ್ಬರು ಸಂಸದರು. ಒಂದೇ ಕಾಗದ ಎರಡೂ ಕಡೆ ಕೊಡಬಹುದು.

ಪ್ರವಾಸಿ ಮಂದಿರದಲ್ಲಿ ಸಂಸದರು ಸಿಕ್ಕಾಗ ಸ್ಲೈಡ್ ಗೀಡ್ ಏನೂ ತೋರಿಸಲಿಲ್ಲ. ಒಬ್ಬ ಬೆಳೆಗಾರರ ಒಪ್ಪಿಗೆ ಪಡೆದು ಅವರ ತೋಟದ ನಕ್ಷೆಯನ್ನು ಫೋನಿನಲ್ಲಿ ತೆರೆದು ಕೈಗೆ ಕೊಟ್ಟೆವು. ಹಸಿರು ಗೆರೆಯ ಗಡಿ, ಮಧ್ಯ ಕೆರೆ, ಮೂಲೆಯಲ್ಲಿ ಪಲ್ಪರ್ ಮನೆ, ಕೆಳಗೆ ಹೆಸರು ಮತ್ತು ನಂಬರ್. ಅವರು ಬೆರಳಲ್ಲಿ ಹಿಗ್ಗಿಸಿ ನೋಡಿ, "ಇದು ಯಾರ್ಯಾರ ಹತ್ರ ಹೋಗುತ್ತೆ?" ಅಂದರು. ನಾವು ಹೇಳಬೇಕಾಗಿದ್ದ ವಿಷಯವನ್ನು ಅವರೇ ಕೇಳಿದಂತಾಯಿತು. ಆಮೇಲೆ ಒಂದೇ ಹಾಳೆ ಕೊಟ್ಟೆವು. ಅದರಲ್ಲಿ ಸಚಿವಾಲಯಕ್ಕೆ ಕೇಳಬಹುದಾದ ಪ್ರಶ್ನೆ ಬರೆದಿತ್ತು: ಮಾದರಿ ನೋಟಿಸನ್ನು 8ನೇ ಪರಿಚ್ಛೇದದ ಭಾಷೆಗಳಲ್ಲಿ ಪ್ರಕಟಿಸುವ ಪ್ರಸ್ತಾವ ಇದೆಯೇ, ಇದ್ದರೆ ಯಾವಾಗ?

ಪ್ರಶ್ನೆಯ ರೂಪದಲ್ಲೇ ಕೊಡುವುದರಲ್ಲಿ ಅರ್ಥ ಇದೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲಿ ಬಾಯಲ್ಲೇ ಉತ್ತರಿಸುವಂಥವು), ಚುಕ್ಕೆ ಇಲ್ಲದವು 230. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ, ಯಾರು ಬೇಕಾದರೂ ಓದಬಹುದು. ಕನಿಷ್ಠ 15 ದಿನ ಮುಂಚೆ ಸೂಚನೆ ಕೊಡಬೇಕು. ಹಾಗಾಗಿ ಅಧಿವೇಶನ ನಡೆಯುತ್ತಿರುವಾಗ ಓಡುವುದಕ್ಕಿಂತ, ದಿನಾಂಕ ಪ್ರಕಟವಾದ ಕೂಡಲೇ ಹೋಗುವುದು ಒಳ್ಳೆಯದು.

ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕು. ನಮ್ಮ ಹಾಳೆಯ ಮೇಲ್ಭಾಗದಲ್ಲೇ ನಾವು ಯಾರು, ಈ ನಿಯಮದಿಂದ ನಮಗೆ ಲಾಭ ಏನು ಅಂತ ಬರೆದಿದ್ದೆವು. ದುಡ್ಡು ತೆಗೆದುಕೊಂಡು ಪ್ರಶ್ನೆ ಕೇಳಿದ್ದಕ್ಕೆ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಸಂಸತ್ತಿನಿಂದ ಹೊರಹಾಕಿದ್ದು ಇದೇ ದೇಶದಲ್ಲಿ. ಉದ್ಯಮದವರು ಜನಪ್ರತಿನಿಧಿಗಳನ್ನು ನೋಡುವುದು ತಪ್ಪಲ್ಲ. ತಮ್ಮ ಲಾಭ ಮುಚ್ಚಿಟ್ಟು ನೋಡುವುದು ತಪ್ಪು. ಉಡುಗೊರೆ ಒಯ್ಯಬೇಡಿ, ಕಾಫಿಪುಡಿ ಪೊಟ್ಟಣ ಕೂಡ ಬೇಡ.

ಪಿಎ ಕೇಳಿದ ಕಾಲಂ ತುಂಬಿಸಿ ಕೊಟ್ಟ ಮೇಲೆ ಒಂದು ಟವರಿಗೆ ಕರೆಂಟ್ ಬಂದಿದೆ. ಉಳಿದವು ಅರಣ್ಯದ ಅನುಮತಿಗೆ ಕಾಯುತ್ತಿವೆ. ಮಾದರಿ ನೋಟಿಸಿನ ಪ್ರಶ್ನೆ ಬ್ಯಾಲೆಟ್‌ನಲ್ಲಿ, ಅಂದರೆ ಬಂದ ಪ್ರಶ್ನೆಗಳ ಚೀಟಿ ಎತ್ತುವಾಗ, ಆಯ್ಕೆಯಾಗಬೇಕು, ಆಗದಿದ್ದರೆ ಮುಂದಿನ ಅಧಿವೇಶನಕ್ಕೆ ಮತ್ತೆ ಕೊಡುತ್ತೇವೆ. ಅಷ್ಟರೊಳಗೆ ನಮ್ಮದೇ ಒಂದು ಕನ್ನಡ ನೋಟಿಸ್ ಬರೆದು, ತೋಟದ ರೈಟರ್‌ಗಳಿಗೆ ಓದಿಸಿ, ಅವರಿಗೆ ಅರ್ಥವಾಗದ ಸಾಲುಗಳನ್ನು ತಿದ್ದುತ್ತಿದ್ದೇವೆ. ಹಾಸನದ ಕಡೆ ಇದೇ ಕೆಲಸದಲ್ಲಿ ಇರುವವರು ಕೇಳಿದರೆ ಖಂಡಿತ ಕೊಡುತ್ತೇವೆ. ಸಕಲೇಶಪುರದ ತೋಟಗಳದ್ದೂ ಇದೇ ಕಥೆ, ನಿಮ್ಮ ಸಂಸದರಿಗೂ ಇದೇ ಪ್ರಶ್ನೆ ಕೊಡಿ.