ಊರಿನ ಅಂಕಿ, ಮತದಾರನ ಮನಸ್ಸು

ಚುನಾವಣೆಯ ಫಲಿತಾಂಶ ಬಂದ ಮೇಲೆ ಪ್ರದೇಶವಾರು ಮತಗಳ ಪಟ್ಟಿಯನ್ನೂ ಜನಗಣತಿಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರುವುದು ನನಗೆ ಬಹುಕಾಲದಿಂದ ಅಂಟಿಕೊಂಡಿರುವ ಚಾಳಿ. ಸಾಕ್ಷರರು ಹೆಚ್ಚಿರುವ ಕಡೆ ಒಂದು ಪಕ್ಷಕ್ಕೆ ಮತ ಹೆಚ್ಚು ಬಿದ್ದಿದ್ದರೆ, ಓದಿದವರು ಆ ಪಕ್ಷದ ಕಡೆ ಇದ್ದಾರೆಂದು ತೀರ್ಮಾನಿಸುವುದು ಬಹಳ ಸಲೀಸು. ನಾನೂ ವರ್ಷಗಟ್ಟಲೆ ಹಾಗೆಯೇ ತೀರ್ಮಾನಿಸಿದ್ದೇನೆ. ಆದರೆ ಆ ಎರಡೂ ಪಟ್ಟಿಗಳಲ್ಲಿರುವುದು ಪ್ರದೇಶದ ಲೆಕ್ಕವೇ ಹೊರತು ಅಲ್ಲಿ ವಾಸಿಸುವ ಒಬ್ಬೊಬ್ಬರ ಲೆಕ್ಕವಲ್ಲ. ಮತದಾನ ಗುಪ್ತವಾಗಿರುವವರೆಗೆ ಯಾರು ಯಾರಿಗೆ ಹಾಕಿದರೆಂಬುದು ಯಾವ ಪಟ್ಟಿಗೂ ಸಿಗುವುದಿಲ್ಲ.

ಇದರಲ್ಲಿ ಎಷ್ಟು ದೊಡ್ಡ ಮೋಸ ಅಡಗಿದೆಯೆಂಬುದನ್ನು ಸಮಾಜವಿಜ್ಞಾನಿ ವಿಲಿಯಂ ರಾಬಿನ್‌ಸನ್ 1950ರಲ್ಲಿ ತೋರಿಸಿಕೊಟ್ಟರು. ಅವರು ಬಳಸಿದ್ದು 1930ರ ಅಮೆರಿಕದ ಜನಗಣತಿಯನ್ನು. ರಾಜ್ಯ ರಾಜ್ಯಗಳನ್ನು ಹೋಲಿಸಿದರೆ, ವಿದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ಕಡೆ ಅನಕ್ಷರತೆ ಕಡಿಮೆಯಿತ್ತು. ವ್ಯಕ್ತಿಗಳನ್ನೇ ಎಣಿಸಿದರೆ, ವಿದೇಶದಲ್ಲಿ ಹುಟ್ಟಿದವರಲ್ಲಿಯೇ ಅನಕ್ಷರತೆ ತುಸು ಹೆಚ್ಚಿತ್ತು. ವಲಸೆ ಬಂದವರು ನೆಲೆಸಿದ್ದು ಸ್ಥಳೀಯರಲ್ಲಿ ಓದುಬರಹ ಚೆನ್ನಾಗಿದ್ದ ರಾಜ್ಯಗಳಲ್ಲಿ, ಅಷ್ಟೇ. ರಾಜಕೀಯದಲ್ಲೂ ಇದೇ ತಿರುವು ಕಾಣಿಸಿಕೊಂಡಿದೆ: 2000 ಮತ್ತು 2004ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳಲ್ಲಿ ಕನೆಕ್ಟಿಕಟ್, ಮ್ಯಾಸಚೂಸೆಟ್ಸ್‌ನಂತಹ ಶ್ರೀಮಂತ ರಾಜ್ಯಗಳು ಡೆಮಾಕ್ರಟಿಕ್ ಪಕ್ಷದ ಕಡೆ ವಾಲಿದರೆ, ಶ್ರೀಮಂತ ಮತದಾರರು ಒಟ್ಟಾರೆ ರಿಪಬ್ಲಿಕನ್ ಪಕ್ಷದ ಕಡೆಗೇ ಹೆಚ್ಚು ವಾಲಿದ್ದರು.

ಹಾಗೆಂದು ನೆಲಕ್ಕೂ ಮತಕ್ಕೂ ನಂಟೇ ಇಲ್ಲವೆನ್ನಲಾಗದು. ಫ್ರಾನ್ಸಿನ ರಾಜಕೀಯ ವಿದ್ವಾಂಸ ಆಂದ್ರೆ ಸೀಗ್‌ಫ್ರೀಡ್ 1913ರಲ್ಲಿ ಪಶ್ಚಿಮ ಫ್ರಾನ್ಸ್‌ನ ಮತಗಳನ್ನು ಅಭ್ಯಾಸ ಮಾಡಿ, ಗ್ರಾನೈಟ್ ಕಲ್ಲಿನ ನೆಲ ಬಲಪಂಥಕ್ಕೂ ಸುಣ್ಣಕಲ್ಲಿನ ನೆಲ ಎಡಪಂಥಕ್ಕೂ ಮತ ಹಾಕುವುದನ್ನು ಗುರುತಿಸಿದರು. ಇದು ಬರೀ ಚಮತ್ಕಾರದ ಮಾತೆಂದು ನಾನು ಬಹಳ ದಿನ ನಕ್ಕಿದ್ದುಂಟು. ಅವರ ವಾದದ ತಿರುಳು ಕಲ್ಲಿನಲ್ಲಿರಲಿಲ್ಲ: ಗ್ರಾನೈಟ್ ಪ್ರದೇಶದಲ್ಲಿ ಮನೆಗಳು ಚದುರಿಕೊಂಡಿದ್ದವು, ದೊಡ್ಡ ಹಿಡುವಳಿದಾರರ ಮತ್ತು ಪಾದ್ರಿಗಳ ಹಿಡಿತ ಬಿಗಿಯಾಗಿತ್ತು, ಸುಣ್ಣಕಲ್ಲಿನ ಬಯಲಿನಲ್ಲಿ ಜನ ಒತ್ತಾಗಿ ನೆಲೆಸಿದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುತ್ತಿತ್ತು. ಭೂಮಿ ಯಾರ ಕೈಯಲ್ಲಿದೆ, ನೆರೆಯವರು ಯಾರು, ಯಾರ ಮುಲಾಜಿನಲ್ಲಿ ಬದುಕಬೇಕು ಎಂಬುದರ ಮೂಲಕವೇ ಪ್ರದೇಶವು ಮತದಾರನನ್ನು ಮುಟ್ಟುತ್ತದೆ. ಜನಗಣತಿಯ ಕಾಲಂಗಳಲ್ಲಿ ಇವುಗಳ ಬಹುಪಾಲು ಇರುವುದೇ ಇಲ್ಲ.

ಮತದಾನದ ಪ್ರಮಾಣದ ವಿಷಯದಲ್ಲಿ ನನ್ನ ಅನುಮಾನ ಇನ್ನೂ ಹೆಚ್ಚು. ವಯಸ್ಸಾದವರು, ಓದಿದವರು, ಸ್ವಂತ ಮನೆಯುಳ್ಳವರು ಹೆಚ್ಚಾಗಿ ಮತ ಹಾಕುತ್ತಾರೆಂಬುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಅದನ್ನೇ ಹಿಡಿದು ಇಂಥ ಜನರೆಂದರೆ ಸೋಮಾರಿಗಳು, ಇಂಥವರೆಂದರೆ ಜಾಗೃತರು ಎಂದು ಷರಾ ಬರೆಯುವವರಿಗೆ ಕಡಿಮೆಯಿಲ್ಲ. ಆಸ್ಟ್ರೇಲಿಯಾದಲ್ಲಿ 1922ರಲ್ಲಿ ನೋಂದಾಯಿತ ಮತದಾರರ ಪೈಕಿ ಮತ ಹಾಕಿದವರು ಶೇ. 60ಕ್ಕೂ ಕಡಿಮೆ. 1924ರಲ್ಲಿ ಕಡ್ಡಾಯ ಮತದಾನದ ಕಾನೂನು ಬಂತು, 1925ರಲ್ಲಿ ಪ್ರಮಾಣ ಶೇ. 91 ದಾಟಿತು. ಮೂರೇ ವರ್ಷಗಳಲ್ಲಿ ಜನರ ವಯಸ್ಸು, ವಿದ್ಯೆ, ಕಸುಬುಗಳೇನೂ ಬದಲಾಗಿರಲಿಲ್ಲ. ಅಮೆರಿಕದ ಮಿಸಿಸಿಪಿಯಲ್ಲಿ ಮತ ಹಾಕುವ ವಯಸ್ಸಿನ ಕಪ್ಪುವರ್ಣೀಯರ ಪೈಕಿ ನೋಂದಾಯಿಸಿಕೊಂಡವರು 1965ರ ಮತದಾನ ಹಕ್ಕು ಕಾಯ್ದೆಗೆ ಮುಂಚೆ ನೂರಕ್ಕೆ 7 ಮಂದಿಯೂ ಇರಲಿಲ್ಲ, 1967ರ ಹೊತ್ತಿಗೆ ಸುಮಾರು 60 ಮಂದಿಯಿದ್ದರು. ಅದುವರೆಗೆ ಅವರನ್ನು ತಡೆದಿದ್ದದ್ದು ನಿರಾಸಕ್ತಿಯಲ್ಲ. ಅಕ್ಷರಜ್ಞಾನದ ಪರೀಕ್ಷೆಯ ನೆಪ ಮತ್ತು ಬೆದರಿಕೆ. ಭಾರತದಲ್ಲಿ 1962ರ ಲೋಕಸಭಾ ಚುನಾವಣೆಯಲ್ಲಿ ಹೆಂಗಸರ ಮತದಾನದ ಪ್ರಮಾಣ ಗಂಡಸರಿಗಿಂತ 16 ಶೇಕಡಾ ಅಂಶಗಳಿಗೂ ಹೆಚ್ಚು ಹಿಂದಿತ್ತು, 2019ರಲ್ಲಿ ಕೂದಲೆಳೆಯಷ್ಟು ಮುಂದಾಯಿತು.

ಇನ್ನು ಶೇಕಡಾವಾರಿನ ಛೇದದ, ಅಂದರೆ ಒಟ್ಟು ಎಷ್ಟು ಜನರಲ್ಲಿ ಎಂಬುದರ ಪ್ರಶ್ನೆ. ಜನಸಂಖ್ಯೆಯಲ್ಲಿ ಮಕ್ಕಳೂ ಪರದೇಶದ ನಾಗರಿಕರೂ ಸೇರಿರುತ್ತಾರೆ, ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕೆ ಬದಲಾಗಿ ತೀರಿಕೊಂಡವರ, ಊರು ಬಿಟ್ಟವರ ಹೆಸರುಗಳು ಅಲ್ಲಿ ಉಳಿದಿರುತ್ತವೆ. ಬಾಡಿಗೆದಾರರೂ ಯುವಕರೂ ತುಂಬಿದ ಪ್ರದೇಶದಲ್ಲಿ ಇಂತಹ ಹೆಸರುಗಳು ಬೇಗ ಸೇರಿಕೊಳ್ಳುವುದರಿಂದ, ಅಲ್ಲಿ ನಿಜವಾಗಿ ವಾಸಿಸುವವರೆಲ್ಲ ಸಾಲಿನಲ್ಲಿ ನಿಂತು ಮತ ಹಾಕಿದರೂ ಕಾಗದದ ಮೇಲಿನ ಪ್ರಮಾಣ ಕಡಿಮೆಯೇ ಕಾಣುತ್ತದೆ. ಒಮ್ಮೆ ಮನೆ ಬದಲಿಸಿದ ನಾನು ಹೊಸ ವಿಳಾಸದಲ್ಲಿ ಹೆಸರು ಸೇರಿಸಿ ಅಲ್ಲಿಯೇ ಮತ ಹಾಕಿದ್ದೆ. ಹಳೆಯ ಪಟ್ಟಿಯಿಂದ ನನ್ನ ಹೆಸರನ್ನು ಯಾರೂ ತೆಗೆದಿರಲಿಲ್ಲ. ಆ ಬೀದಿಯ ಲೆಕ್ಕದಲ್ಲಿ ನಾನು ಆ ದಿನ ಮತ ಹಾಕಲು ಬಾರದವನು.